ವಿಷ ತೆಗೆಯುವವರ ಅರ್ಹತೆ ನೋಡುವವರು ಯಾರು?

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯ 2025ರ ಜನವರಿ 1ರ ರಾತ್ರಿ ಹನ್ನೆರಡು ಕಂಟೇನರ್‌ಗಳಲ್ಲಿ ಪೀಥಂಪುರಕ್ಕೆ ಹೊರಟಿತು. ಅನಿಲ ದುರಂತ ಸಂಭವಿಸಿ ಆಗಲೇ ನಲವತ್ತು ವರ್ಷ ಕಳೆದಿತ್ತು. ಪೀಥಂಪುರದ ಜನ ಪ್ರತಿಭಟಿಸಿದರು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ಆ ವರ್ಷದ ಜೂನ್ ಅಂತ್ಯದ ಹೊತ್ತಿಗೆ ತ್ಯಾಜ್ಯವನ್ನು ಸುಟ್ಟು ಮುಗಿಸಲಾಯಿತು. ಆದರೆ ಭೋಪಾಲದ ನೆಲ ಅದರಿಂದ ಶುದ್ಧವಾಗಲಿಲ್ಲ. ನೀರಿ ಮತ್ತು ಎನ್‌ಜಿಆರ್‌ಐ ಸಂಸ್ಥೆಗಳು 2010ರಲ್ಲಿ ಮಾಡಿದ ಅಂದಾಜಿನಂತೆ, ಅಲ್ಲಿ ವಿಷ ಬೆರೆತ ಮಣ್ಣೇ 11 ಲಕ್ಷ ಟನ್ ಇದೆ.

ಇಂಥ ನೆಲ ಭೋಪಾಲದಲ್ಲಿ ಮಾತ್ರವಿಲ್ಲ. ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮಲಿನಗೊಳಿಸಿದವರೇ ವೆಚ್ಚ ಭರಿಸಬೇಕೆಂಬುದು ಅದರ ತತ್ವ. ಹೊಣೆಗಾರರು ಪತ್ತೆಯಾಗದಿದ್ದರೆ ಅಥವಾ ಅವರಿಗೆ ಶಕ್ತಿಯಿಲ್ಲದಿದ್ದರೆ ಭಾರ ಸರ್ಕಾರಗಳ ಮೇಲೆ ಬೀಳುತ್ತದೆ. ಅಂದರೆ ಮುಂದಿನ ವರ್ಷಗಳಲ್ಲಿ ಈ ಕೆಲಸಕ್ಕೆ ಸಾಲುಸಾಲಾಗಿ ಟೆಂಡರ್‌ಗಳು ಹೊರಬೀಳಲಿವೆ. ಅವುಗಳಲ್ಲಿ ಭಾಗವಹಿಸಲು ಯಾರು ಅರ್ಹರು ಎಂಬ ಪ್ರಶ್ನೆಯನ್ನು ಈಗಲೇ ಎತ್ತಬೇಕಾಗಿದೆ.

ನಮ್ಮ ಟೆಂಡರ್ ವ್ಯವಸ್ಥೆಯಲ್ಲಿ ಅರ್ಹತೆಯ ಪರೀಕ್ಷೆ ಇಲ್ಲವೆಂದಲ್ಲ. ಕರ್ನಾಟಕದ ಪಾರದರ್ಶಕತೆ ಕಾಯ್ದೆಯಡಿ 2000ದಲ್ಲಿ ರೂಪುಗೊಂಡ ನಿಯಮಗಳು ಪೂರ್ವಾರ್ಹತೆಗೂ ಎರಡು ಲಕೋಟೆಗಳ ಪದ್ಧತಿಗೂ ಅವಕಾಶ ಕೊಟ್ಟಿವೆ. ಮೊದಲು ತಾಂತ್ರಿಕ ಲಕೋಟೆ, ಅದರಲ್ಲಿ ತೇರ್ಗಡೆಯಾದವರದು ಮಾತ್ರ ದರದ ಲಕೋಟೆ. ತೊಡಕಿರುವುದು ಅಳತೆಗೋಲಿನಲ್ಲಿ. ಕೇಂದ್ರ ಜಾಗೃತ ಆಯೋಗ 2002ರಲ್ಲಿ ಕಾಮಗಾರಿಗಳಿಗೆ ಸೂಚಿಸಿದ ಮಾನದಂಡ ಹೀಗಿದೆ: ಅಂದಾಜು ವೆಚ್ಚದ ಶೇ 30ರಷ್ಟು ಸರಾಸರಿ ವಾರ್ಷಿಕ ವಹಿವಾಟು, ಜೊತೆಗೆ ಶೇ 80ರಷ್ಟು ಮೊತ್ತದ ಒಂದು, ಶೇ 50ರಷ್ಟರ ಎರಡು ಅಥವಾ ಶೇ 40ರಷ್ಟರ ಮೂರು ‘ಇದೇ ಬಗೆಯ’ ಕೆಲಸಗಳನ್ನು ಪೂರೈಸಿದ ಅನುಭವ. ರಸ್ತೆ, ಕಟ್ಟಡಗಳಿಗೆ ಇದು ಸಾಲಬಹುದು. ಆದರೆ ಕೋಟಿಗಟ್ಟಲೆ ಮಣ್ಣು ಸಾಗಿಸಿದ ಗುತ್ತಿಗೆದಾರನಿಗೆ ಪಾದರಸ ಬೆರೆತ ಮಣ್ಣನ್ನು ಮುಟ್ಟುವ ರೀತಿ ಗೊತ್ತಿದೆಯೇ ಎಂಬುದನ್ನು ವಹಿವಾಟಿನ ಲೆಕ್ಕಪತ್ರ ಹೇಳುವುದಿಲ್ಲ.

ರಸ್ತೆ ಕಳಪೆಯಾದರೆ ಮೊದಲ ಮಳೆಗೇ ಗುಂಡಿ ಬಿದ್ದು ಗುಟ್ಟು ರಟ್ಟಾಗುತ್ತದೆ. ಅಪಾಯಕಾರಿ ತ್ಯಾಜ್ಯದ ಕೆಲಸದಲ್ಲಿ ಹಾಗಿಲ್ಲ. ತೆಗೆಯಬೇಕಾದ ವಿಷದಲ್ಲಿ ಅರ್ಧವನ್ನು ಬಿಟ್ಟು ಮೇಲೆ ಹೊಸ ಮಣ್ಣು ಹರಡಿದರೆ ಕಣ್ಣಿಗೆ ಏನೂ ಕಾಣದು. ಬಿಲ್ ಪಾವತಿಯಾಗುತ್ತದೆ, ಠೇವಣಿ ವಾಪಸಾಗುತ್ತದೆ. ವರ್ಷಗಳು ಕಳೆದ ಮೇಲೆ ಯಾರದೋ ಕೊಳವೆಬಾವಿಯ ನೀರು ಸತ್ಯ ಹೇಳುತ್ತದೆ. ಇಲ್ಲಿ ಕನಿಷ್ಠ ದರ ಅಗ್ಗವಾಗುವುದು ಕಾಗದದ ಮೇಲೆ ಮಾತ್ರ.

ಅಮೆರಿಕದ ಅನುಭವವೂ ಪಾಠ ಹೇಳುತ್ತದೆ. ತ್ಯಾಜ್ಯ ತಾಣಗಳಲ್ಲಿ ದುಡಿಯುವ ಸಾಮಾನ್ಯ ಕಾರ್ಮಿಕನಿಗೂ 40 ಗಂಟೆಗಳ ತರಬೇತಿ ಅಲ್ಲಿ ಕಡ್ಡಾಯ. ಗುತ್ತಿಗೆ ನೀಡುವ ಮುನ್ನ ಗುತ್ತಿಗೆದಾರನ ಪೂರ್ವಚರಿತ್ರೆ, ಸಾಮರ್ಥ್ಯಗಳನ್ನು ಅಧಿಕಾರಿ ಪರಿಶೀಲಿಸಲೇಬೇಕು. ಆದರೂ ಸ್ಯಾನ್‌ಫ್ರಾನ್ಸಿಸ್ಕೊದ ಹಂಟರ್ಸ್ ಪಾಯಿಂಟ್ ನೌಕಾ ಹಡಗುಕಟ್ಟೆಯಲ್ಲಿ ವಿಕಿರಣ ಸೋಂಕಿದ ನೆಲವನ್ನು ಶುದ್ಧಿ ಮಾಡುವಾಗ, ಗುತ್ತಿಗೆ ಕಂಪನಿಯ ಮೇಲ್ವಿಚಾರಕರು ಶಂಕಿತ ಮಣ್ಣಿನ ಬದಲು ಶುದ್ಧ ಮಣ್ಣಿನ ಮಾದರಿ ಇಟ್ಟರು. 2018ರಲ್ಲಿ ಇಬ್ಬರಿಗೆ ತಲಾ ಎಂಟು ತಿಂಗಳ ಸೆರೆವಾಸವಾಯಿತು. ಅರ್ಹತೆಯ ಪತ್ರ ಪಡೆದವನನ್ನೂ ಕಣ್ಣು ಮುಚ್ಚಿ ನಂಬಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ದರದ ಲಕೋಟೆ ತೆರೆಯುವ ಮುನ್ನ ಏನನ್ನು ಕೇಳಬೇಕು? ಹಿಂದೆ ಮಾಡಿದ ಕೆಲಸದ ಮೊತ್ತವನ್ನಲ್ಲ, ಆ ಸ್ಥಳದ ಮಣ್ಣು, ನೀರಿನ ಇಂದಿನ ಸ್ಥಿತಿಯನ್ನು. ಕಾರ್ಮಿಕರ ಅಪಘಾತಗಳ ದಾಖಲೆಯನ್ನು, ಮಾಲಿನ್ಯ ನಿಯಂತ್ರಣ ಮಂಡಳಿಗಳಿಂದ ಬಂದ ನೋಟಿಸುಗಳನ್ನು. ತ್ಯಾಜ್ಯ ಕೊನೆಗೆ ಯಾವ ಅಧಿಕೃತ ಘಟಕ ಸೇರುತ್ತದೆ ಎಂಬುದಕ್ಕೆ ಲಿಖಿತ ಪುರಾವೆಯನ್ನು. ಮುಖ್ಯವಾಗಿ, ತುಂಡುಗುತ್ತಿಗೆ ಪಡೆಯುವವರೂ ಇದೇ ಪರೀಕ್ಷೆಗೆ ಒಳಪಡಬೇಕು. ಏಕೆಂದರೆ ಸಲಿಕೆ ಹಿಡಿಯುವುದು ಅವರ ಆಳುಗಳೇ ವಿನಾ ದೊಡ್ಡ ಕಂಪನಿಯ ನಿರ್ದೇಶಕರಲ್ಲ. ಮಾದರಿ ಪರೀಕ್ಷಿಸುವ ಪ್ರಯೋಗಾಲಯವನ್ನು ಸರ್ಕಾರವೇ ಪ್ರತ್ಯೇಕವಾಗಿ ಆರಿಸಬೇಕು. ಗುತ್ತಿಗೆದಾರನೇ ಅದಕ್ಕೆ ಹಣ ಕೊಡುವಂತಿರಬಾರದು.

ಇದಕ್ಕೊಂದು ಆಕ್ಷೇಪ ಉಂಟು, ಅದು ಹುರುಳಿಲ್ಲದ್ದೂ ಅಲ್ಲ. ಪೂರ್ವಾರ್ಹತೆಯ ಷರತ್ತುಗಳನ್ನು ತಮಗೆ ಬೇಕಾದವರ ಅಳತೆಗೆ ಹೊಲಿಯುವ ಕಲೆ ನಮ್ಮ ಕಚೇರಿಗಳಿಗೆ ಹೊಸದಲ್ಲ. ಷರತ್ತು ಬಿಗಿಯಾದಷ್ಟೂ ಸ್ಪರ್ಧಿಗಳು ಕಡಿಮೆಯಾಗುತ್ತಾರೆ, ದರ ಏರುತ್ತದೆ. ಆದರೆ ಇದಕ್ಕೆ ಮದ್ದು ಪರೀಕ್ಷೆಯನ್ನೇ ಕೈಬಿಡುವುದಲ್ಲ, ಅದನ್ನು ಬೆಳಕಿಗೆ ತರುವುದು. ಷರತ್ತುಗಳ ಕರಡನ್ನು ಮೊದಲೇ ಪ್ರಕಟಿಸಿ ಆಕ್ಷೇಪಣೆ ಕೇಳಲಿ. ಯಾರನ್ನು ಏಕೆ ಕೈಬಿಡಲಾಯಿತು, ಯಾರನ್ನು ಏಕೆ ಒಪ್ಪಲಾಯಿತು ಎಂಬುದನ್ನು ಆ ತಾಣದ ಸುತ್ತ ವಾಸಿಸುವವರೂ ಓದುವಂತಾಗಲಿ. ಗುಣಮಟ್ಟಕ್ಕೆ ಪ್ರಾಧಾನ್ಯವಿರುವ ಟೆಂಡರ್‌ಗಳಲ್ಲಿ ದರೇತರ ಅಂಶಗಳಿಗೆ ಶೇ 30ರವರೆಗೆ ಅಂಕ ನೀಡಬಹುದೆಂದು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲೇ ಹೇಳಿದೆ. ಹೀಗಿರುವಾಗ ನಿಯಮದ ನೆಪ ಹೇಳುವಂತಿಲ್ಲ.

ಕೆಜಿಎಫ್‌ನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅವು ಉಳಿಸಿಹೋದ ಸೈನೈಡ್ ಗುಡ್ಡಗಳ ದೂಳು ಗಾಳಿ ಬೀಸಿದಾಗಲೆಲ್ಲ ಜನರ ಮನೆಯೊಳಗೆ ನುಗ್ಗುತ್ತಿದೆ. ಆ ಗುಡ್ಡಗಳಿಗೆ ಯಾರೇ ಕೈಹಾಕಲಿ, ಎಷ್ಟಕ್ಕೆ ಮಾಡುತ್ತೀರಿ ಎಂದು ಕೇಳುವ ಮೊದಲು ಹೇಗೆ ಮಾಡುತ್ತೀರಿ ಎಂದು ಕೇಳುವುದು ಸರ್ಕಾರದ ಕರ್ತವ್ಯ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಅಭ್ಯಾಸವನ್ನು ಇಲ್ಲಿಯಾದರೂ ಬಿಡೋಣ.