ನಾವು ಉಡುವ ನೂಲಿಗೂ ಲೆಕ್ಕವಿದೆ

ಕೆಲವು ತಿಂಗಳುಗಳ ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಮಯ್ಯಿತ್‌ಗೆ ಸ್ನಾನ ಮಾಡಿಸುವ ಹೊಣೆ ನಮ್ಮ ಪಾಲಿಗೆ ಬಂದಿತ್ತು. ಕಫನ್ ಬಟ್ಟೆಯನ್ನು ಹಾಸಿ ಅದಕ್ಕೆ ಲೋಬಾನದ ಹೊಗೆ ಹಿಡಿಯುತ್ತಿದ್ದಾಗ ಕೆಂಡದಿಂದ ಒಂದು ಕಿಡಿ ಸಿಡಿದು ಬಟ್ಟೆಯ ಅಂಚಿಗೆ ತಾಗಿತು. ಹತ್ತಿಯ ಬಟ್ಟೆಯಾಗಿದ್ದರೆ ಅಷ್ಟು ಜಾಗ ಸುಟ್ಟು ಬೂದಿಯಾಗಿ ಉದುರಬೇಕಿತ್ತು. ಅದು ಉದುರಲಿಲ್ಲ. ಕರಗಿತು, ಮುದುಡಿತು, ಕಪ್ಪು ಮಣಿಯಂತೆ ಗಟ್ಟಿಯಾಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಕೋಣೆಯಲ್ಲಿ ಹರಡಿತು. ಪಟ್ಟಣದ ಅಂಗಡಿಯಿಂದ ಆ ಬಟ್ಟೆಯನ್ನು ಆರಿಸಿ ತಂದವರು ಬೇರಾರೂ ಅಲ್ಲ, ನಾವೇ. ಬಿಳಿಯಾಗಿದೆ, ಬೆಲೆ ಕಡಿಮೆಯಿದೆ ಎಂಬುದನ್ನಷ್ಟೇ ನೋಡಿದ್ದೆವು. ಆ ಹಿರಿಯರಾದರೋ ಬದುಕಿನ ಬಹುಭಾಗವನ್ನು ಹತ್ತಿಯ ಹೊಲಗಳಲ್ಲಿ ಕಳೆದವರು. ಬಿತ್ತಿದವರು, ಕಳೆ ಕಿತ್ತವರು, ಹತ್ತಿ ಬಿಡಿಸಿದವರು. ಅಂಥವರ ಮೈಗೆ ಸುತ್ತಲು ನಾವು ಪೆಟ್ರೋಲಿಯಂನಿಂದ ತೆಗೆದ ನೂಲನ್ನು ತಂದಿದ್ದೆವು. ಬೇರೆ ಬಟ್ಟೆ ತರಿಸಿ ದಫನ್ ಕಾರ್ಯವನ್ನು ಮುಗಿಸಿದೆವು. ಆದರೆ ಅಂದಿನ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಈ ವಿಷಯವನ್ನು ಎತ್ತಿದಾಗಲೆಲ್ಲ ನಮ್ಮವರಿಂದ ಬರುವ ಉತ್ತರ ಒಂದೇ: “ಔರತ್ ಮುಚ್ಚಿದರೆ ಸಾಕು, ಬಟ್ಟೆ ಯಾವುದಾದರೇನು? ನೂಲಿನ ವಿಚಾರ ದೀನಿನ ವಿಚಾರವಲ್ಲ.” ಈ ಮಾತನ್ನು ನಾವು ಒಪ್ಪುವುದಿಲ್ಲ. ಬಟ್ಟೆ ಯಾವುದರಿಂದ ತಯಾರಾಗಿದೆ ಎಂಬ ಪ್ರಶ್ನೆಯನ್ನು ಇಸ್ಲಾಮ್ ಎಂದೂ ಬದಿಗೆ ಸರಿಸಿಲ್ಲ. ಪುರುಷರಿಗೆ ರೇಷ್ಮೆ ನಿಷಿದ್ಧವೆಂಬುದು ನಮ್ಮ ಮಕ್ಕಳಿಗೂ ಗೊತ್ತು. ರೇಷ್ಮೆ ಔರತನ್ನು ಮುಚ್ಚುವುದಿಲ್ಲವೇ? ಮುಚ್ಚುತ್ತದೆ. ಆದರೂ ನಿಷಿದ್ಧ. ಸತ್ತ ಪ್ರಾಣಿಯ ಚರ್ಮವನ್ನು ಹದಮಾಡಿದರೆ ಅದರ ವಿಧಿಯೇನು, ರೇಷ್ಮೆಯ ಅಂಚು ಎಷ್ಟು ಬೆರಳಗಲ ಇರಬಹುದು ಎಂಬಷ್ಟು ಸೂಕ್ಷ್ಮವಾಗಿ ನಮ್ಮ ಫುಕಹಾಗಳು ಚರ್ಚಿಸಿದ್ದಾರೆ. ನೂಲು ದೀನಿನ ವಿಚಾರವಲ್ಲದಿದ್ದರೆ ಆ ಪುಟಗಳನ್ನು ಅವರು ಬರೆಯುತ್ತಿರಲಿಲ್ಲ.

ಪವಿತ್ರ ಕುರ್‌ಆನ್ ಉಡುಪಿನ ಉದ್ದೇಶವನ್ನೂ ತಿಳಿಸಿದೆ. ಅದು ನಗ್ನತೆಯನ್ನು ಮುಚ್ಚುತ್ತದೆ, ಮನುಷ್ಯನಿಗೆ ಶೋಭೆ ನೀಡುತ್ತದೆ, ತಕ್ವಾದ ಉಡುಪು ಎಲ್ಲಕ್ಕಿಂತ ಉತ್ತಮ ಎಂಬ ಅರ್ಥ ಸೂರಃ ಅಲ್ ಅಅ್‌ರಾಫ್‌ನ 26ನೆಯ ವಚನದಲ್ಲಿದೆ. ಇದನ್ನು ನಾವು ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಸೂರಃ ಅನ್ನಹ್ಲ್‌ನ 80 ಮತ್ತು 81ನೆಯ ವಚನಗಳನ್ನು ಮಾತ್ರ ಅಷ್ಟಾಗಿ ಕೇಳುವುದಿಲ್ಲ. ಉಣ್ಣೆ, ತುಪ್ಪಳ, ರೋಮಗಳನ್ನು ಅಲ್ಲಿ ಅಲ್ಲಾಹನು ತನ್ನ ಅನುಗ್ರಹಗಳೆಂದು ಎಣಿಸುತ್ತಾನೆ. ಮನುಷ್ಯನನ್ನು ಸೆಕೆಯಿಂದ ಕಾಪಾಡುವ ಉಡುಪನ್ನೂ ಅದೇ ಸಾಲಿನಲ್ಲಿ ಸೇರಿಸುತ್ತಾನೆ. ಅಂದರೆ ಧರಿಸಿದವರ ಮೈಯನ್ನು ಬಿಸಿಯಿಂದ ರಕ್ಷಿಸುವುದು ಉಡುಪಿನ ಕರ್ತವ್ಯಗಳಲ್ಲಿ ಒಂದು.

ಈ ಅಳತೆಗೋಲನ್ನು ಹಿಡಿದು ನಮ್ಮ ಪೇಟೆಗಳನ್ನು ನೋಡೋಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಲ್ಲೇ ಹೋಗಲಿ, ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಅಂಗಡಿಗಳ ಮುಂದೆ ನಿಲ್ಲಲು ಸ್ಥಳವಿರುವುದಿಲ್ಲ. ‘ನಿದಾ’ ಎಂಬ ಹೆಸರಿನಲ್ಲಿ, ಜಾರ್ಜೆಟ್ ಎಂಬ ಹೆಸರಿನಲ್ಲಿ, ಕ್ರೇಪ್ ಎಂಬ ಹೆಸರಿನಲ್ಲಿ ನಮ್ಮ ಸಹೋದರಿಯರಿಗೆ ಮಾರಾಟವಾಗುವ ಬುರ್ಖಾ ಬಟ್ಟೆಯ ಬಹುಪಾಲು ಪಾಲಿಯೆಸ್ಟರ್. ಪುರುಷರ ಜುಬ್ಬಾಗಳಲ್ಲೂ ಅದೇ ಬೆರಕೆ. ಪಾಲಿಯೆಸ್ಟರ್ ಬೆವರನ್ನು ಹತ್ತಿಯಂತೆ ಹೀರಿಕೊಳ್ಳುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಪ್ಪು ಪಾಲಿಯೆಸ್ಟರ್ ತೊಟ್ಟು ಬಸ್ಸಿಗಾಗಿ ಕಾಯುವ ತಾಯಿಯ ಅವಸ್ಥೆಯನ್ನು ಬಿಳಿ ಹತ್ತಿಯ ಅಂಗಿ ತೊಟ್ಟು ಮಿಂಬರಿನಲ್ಲಿ ನಿಂತ ನಾವು ಎಂದಾದರೂ ಯೋಚಿಸಿದ್ದೇವೆಯೇ? ನಮ್ಮ ಮದ್ರಸದ ಹೆಣ್ಣುಮಕ್ಕಳ ಕುತ್ತಿಗೆಯಲ್ಲಿ ಬೆವರುಸಾಲೆಯ ಕೆಂಪು ಗುಳ್ಳೆಗಳನ್ನು ಕಂಡಾಗ ಮನೆಯವರಿಗೆ ಪೌಡರ್ ಹಚ್ಚಲು ಹೇಳಿದೆವು. ಆ ಸಮವಸ್ತ್ರದ ಬಟ್ಟೆಯನ್ನು ನಿರ್ಧರಿಸಿದ ಸಮಿತಿಯಲ್ಲಿ ನಾವೂ ಕುಳಿತಿದ್ದೆವು ಎಂಬುದು ನಮಗೆ ಹೊಳೆದದ್ದು ತಡವಾಗಿ. ಪರ್ದಾವನ್ನು ಕಡ್ಡಾಯವೆಂದು ಬೋಧಿಸುವವರು ಅದನ್ನು ಸಹನೀಯಗೊಳಿಸುವ ಹೊಣೆಯನ್ನೂ ಹೊರಬೇಕಲ್ಲವೇ?

ಇದು ಧರಿಸುವವರ ಕಷ್ಟ ಮಾತ್ರವಲ್ಲ. ಪಾಲಿಯೆಸ್ಟರ್ ಎಂಬುದು 1941ರಲ್ಲಿ ಇಂಗ್ಲೆಂಡಿನ ಇಬ್ಬರು ರಸಾಯನತಜ್ಞರು ಹಕ್ಕುಪತ್ರ ಸಲ್ಲಿಸಿದ ವಸ್ತು. ನೀರಿನ ಬಾಟಲಿಗೆ ಬಳಸುವ ಪ್ಲಾಸ್ಟಿಕ್ಕೇ ಎಳೆಯಾಗಿ ಬಂದದ್ದು. ಇಂದು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ. ಪ್ರತಿ ಬಾರಿ ಒಗೆದಾಗಲೂ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉದುರುತ್ತವೆ. 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಂತೆ, ಆರು ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ ಸುಮಾರು ಐದು ಲಕ್ಷ ಎಳೆಗಳು, ಅಕ್ರಿಲಿಕ್ ಆದರೆ ಏಳು ಲಕ್ಷಕ್ಕೂ ಹೆಚ್ಚು ಎಳೆಗಳು ನೀರಿಗೆ ಸೇರಬಹುದು. ಹುಣಸೂರಿನ ಚರಂಡಿಯ ನೀರು ಲಕ್ಷ್ಮಣತೀರ್ಥಕ್ಕೆ, ಲಕ್ಷ್ಮಣತೀರ್ಥ ಕೃಷ್ಣರಾಜಸಾಗರಕ್ಕೆ. ಕೋಟೆಯ ನೀರು ಕಬಿನಿಗೆ, ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಗೆ. ನಾವು ವುಝೂ ಮಾಡುವ, ನೆರೆಹೊರೆಯವರು ಕುಡಿಯುವ, ಮೀನು ಬದುಕುವ ನೀರಿಗೆ ನಾವೇ ಪ್ಲಾಸ್ಟಿಕ್ ಬೆರೆಸುತ್ತಿದ್ದೇವೆ. ಮನುಷ್ಯರ ಕೈಗಳ ಗಳಿಕೆಯಿಂದಲೇ ನೆಲದಲ್ಲೂ ಜಲದಲ್ಲೂ ಕೆಡುಕು ಹರಡಿತೆಂದು ಸೂರಃ ಅರ್ರೂಮ್ (30:41) ಎಚ್ಚರಿಸುವಾಗ ಆ ಕೈಗಳು ಬೇರೆ ಯಾರದೋ ಎಂದು ಭಾವಿಸಿ ಓದುವುದು ನಮಗೆ ಅಭ್ಯಾಸವಾಗಿದೆ.

ಇನ್ನು ಆಕ್ಷೇಪಗಳಿಗೆ ಬರೋಣ. “ಪಾಲಿಯೆಸ್ಟರ್ ಬಡವನ ಬಟ್ಟೆ. ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಹತ್ತಿ ಉಡಲು ಉಳ್ಳವರಿಗೆ ಮಾತ್ರ ಸಾಧ್ಯ” ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ದಿನಗೂಲಿಯ ಕುಟುಂಬವೊಂದು ಕೈಗೆಟುಕಿದ ಬಟ್ಟೆಯನ್ನು ಕೊಂಡರೆ ಅದರ ಮೇಲೆ ನಮ್ಮ ಆರೋಪವಿಲ್ಲ. ನಮ್ಮ ಪ್ರಶ್ನೆಯಿರುವುದು ಒಂದು ನಿಕಾಹ್‌ಗೆ ಹತ್ತು ಜೊತೆ ಜರಿ ಹೊಳಪಿನ ಸಿಂಥೆಟಿಕ್ ಉಡುಪು ಕೊಂಡು ಎರಡು ಬಾರಿಯೂ ಉಡದೆ ಪೆಟ್ಟಿಗೆಯಲ್ಲಿಡುವ ಮನೆಗಳಿಗೆ. ಆ ಹತ್ತರ ಹಣದಲ್ಲಿ ನಾಲ್ಕು ಒಳ್ಳೆಯ ಹತ್ತಿಯ ಉಡುಪುಗಳು ಬರುವುದಿಲ್ಲವೇ? ಉಡುಪನ್ನು ಕುರಿತು ಹೇಳಿದ ಸೂರಃ ಅಲ್ ಅಅ್‌ರಾಫ್‌ನಲ್ಲಿಯೇ, ಕೆಲವೇ ವಚನಗಳ ನಂತರ, ದುಂದುಗಾರಿಕೆಯ ನಿಷೇಧವೂ ಬರುತ್ತದೆ. ಪ್ರವಾದಿವರ್ಯರು(ಸ) ತಮ್ಮ ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು. ಹಝ್ರತ್ ಅಬೂಬಕರ್(ರ) ಮರಣಶಯ್ಯೆಯಲ್ಲಿದ್ದಾಗ ತಾವು ತೊಟ್ಟಿದ್ದ ಹಳೆಯ ಬಟ್ಟೆಯನ್ನೇ ಒಗೆದು ಕಫನಿಗೆ ಬಳಸುವಂತೆ ಹೇಳಿದರು. ಹೊಸ ಬಟ್ಟೆಯ ಅಗತ್ಯ ಸತ್ತವನಿಗಿಂತ ಬದುಕಿರುವವನಿಗೆ ಹೆಚ್ಚು ಎಂಬುದು ಅವರ ನಿಲುವಾಗಿತ್ತು. ಇಂಥ ಪರಂಪರೆಯ ವಾರಸುದಾರರಿಗೆ ಪ್ರತಿ ಈದಿಗೂ ಮೂರು ಮೂರು ಜೊತೆ ಏಕೆ ಬೇಕು?

ಎರಡನೆಯ ಆಕ್ಷೇಪ ತಿಳಿದವರದು: “ಹತ್ತಿಯೇನು ಪರಿಶುದ್ಧವೇ? ಅದಕ್ಕೆ ಎಷ್ಟು ನೀರು, ಎಷ್ಟು ವಿಷ!” ಇದೂ ನಿಜ. ಒಂದು ಹತ್ತಿಯ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರಿದೆ ಎಂಬ ಅಂದಾಜು ಜಗತ್ತಿನಾದ್ಯಂತ ಪ್ರಚಲಿತವಾಗಿದೆ. ಹತ್ತಿಯ ಹೊಲಕ್ಕೆ ಸುರಿಯುವ ಕೀಟನಾಶಕ ರೈತನ ದೇಹಕ್ಕೂ ಸಾಲದ ಪುಸ್ತಕಕ್ಕೂ ಸೇರುತ್ತದೆ. ಆದ್ದರಿಂದಲೇ ಹತ್ತಿ ಎಂದರೆ ಸಾಲದು, ಯಾವ ಹತ್ತಿ ಎಂದು ಕೇಳಬೇಕು. ‘ಬಿದಿರಿನ ಬಟ್ಟೆ’, ‘ಗಿಡದ ರೇಷ್ಮೆ’ ಎಂಬ ಚಂದದ ಹೆಸರುಗಳಿಗೂ ಮರುಳಾಗಬಾರದು. ಅವುಗಳಲ್ಲಿ ಹೆಚ್ಚಿನವು ಮರದ ತಿರುಳನ್ನು ತೀಕ್ಷ್ಣ ರಾಸಾಯನಿಕಗಳಲ್ಲಿ ಕರಗಿಸಿ ತೆಗೆದ ವಿಸ್ಕೋಸ್, ಅಂದರೆ ರೇಯಾನ್. ರೇಯಾನಿನ ಕಥೆ ಕನ್ನಡ ನಾಡಿಗೆ ಹೊಸತಲ್ಲ. 1984ರಲ್ಲಿ ಸರ್ಕಾರವು ಹರಿಹರದ ಬಳಿಯ ಕಾರ್ಖಾನೆಯೊಡನೆ ಜಂಟಿ ಸಂಸ್ಥೆ ಕಟ್ಟಿ, ರೇಯಾನ್ ತಿರುಳಿಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಮೀಸಲಿಡಲು ಹೊರಟಿತು. ಬಡವರ ದನಕರು ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲವದು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಹೂಡಿ ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಗಿಡಗಳನ್ನು ನೆಟ್ಟರು. ಒಂದು ಬಟ್ಟೆಯ ಮೃದುತ್ವದ ಹಿಂದೆ ಯಾರ ಗೋಮಾಳ ಹೋಯಿತೆಂದು ಕೇಳುವುದನ್ನು ಅವರು ನಮಗೆ ಕಲಿಸಿದ್ದಾರೆ.

ಹಾಗಾದರೆ ಯಾವ ಹತ್ತಿ? ದೂರ ಹುಡುಕಬೇಕಿಲ್ಲ. ಹೆಗ್ಗಡದೇವನಕೋಟೆಯ ಹತ್ತಿ ಹೆಚ್ಚಾಗಿ ಮಳೆಯಾಶ್ರಿತ. ಕಾಲುವೆಯ ನೀರನ್ನು ಬೇಡದೆ, ಮುಂಗಾರಿಗೆ ಮುಂಚಿನ ಮಳೆಗೇ ಬಿತ್ತುವ ಬೆಳೆ. ಕಬಿನಿ ಮತ್ತು ನಾಗರಹೊಳೆಯ ಕಾಡಂಚಿನ ರೈತರಲ್ಲಿ ಕೆಲವರು ರಾಸಾಯನಿಕವಿಲ್ಲದೆ ಸಾವಯವ ಹತ್ತಿ ಬೆಳೆದಿದ್ದಾರೆ; ತಮಿಳುನಾಡಿನ ಪೊಳ್ಳಾಚಿಯ ಗಿರಣಿಯವರು ಅದನ್ನು ಕೊಂಡು ಬೆಲೆಬಾಳುವ ಸೀರೆಗಳಾಗಿ ನೇಯಿಸಿದ್ದಾರೆ. ನಮ್ಮ ಮಣ್ಣಿನ ಶುದ್ಧ ಹತ್ತಿ ಮಹಾನಗರದವರ ಮೈಗೆ, ಸೂರತ್ತಿನ ಪಾಲಿಯೆಸ್ಟರ್ ನಮ್ಮ ಮೈಗೆ! ಇದೇ ನಾಲ್ಕು ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಈಗ ಹೊಗೆಸೊಪ್ಪಿನ ಆಳ್ವಿಕೆಯಿದೆ. ಅದನ್ನು ಹದಗೊಳಿಸುವ ಬ್ಯಾರನ್‌ಗಳಿಗೆ ಮರಗಳು ಸೌದೆಯಾಗುತ್ತಿವೆ. ಹತ್ತಿ ಕೊಳ್ಳುವ ಗಿರಾಕಿ ಹತ್ತಿರದಲ್ಲೇ ಇದ್ದರೆ ಕೆಲವು ಹೊಲಗಳಾದರೂ ಬೇರೆ ದಾರಿ ಹಿಡಿದಾವು. ನೆರೆಯ ನಂಜನಗೂಡು ತಾಲ್ಲೂಕಿನ ಬದನವಾಳು 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರ. ಅಲ್ಲಿನ ಮಗ್ಗಗಳು ಸೊರಗಿದ್ದನ್ನು ಕಂಡು 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಅಲ್ಲೇ ಸತ್ಯಾಗ್ರಹ ಕುಳಿತರು. ಆ ದಿನಗಳಲ್ಲಿ ನಮ್ಮ ಜಮಾಅತ್‌ಗಳಿಂದ ಎಷ್ಟು ಮಂದಿ ಅತ್ತ ಹೋಗಿ ನೋಡಿದೆವು? ಹತ್ತಿ ಹಿಂಜುವುದನ್ನೇ ಕುಲವೃತ್ತಿಯಾಗಿ ಪಡೆದ ಪಿಂಜಾರರು, ನದಾಫರು ನಮ್ಮ ಸಮುದಾಯದವರೇ. ಹತ್ತಿಯೊಡನೆ ನಮ್ಮ ನಂಟು ಪರಕೀಯವಲ್ಲ, ನಾವು ಮರೆತದ್ದು.

ಪಾಲಿಯೆಸ್ಟರ್ ಹರಾಮ್ ಎಂದು ನಾವು ಹೇಳುತ್ತಿಲ್ಲ. ಫತ್ವಾ ನೀಡುವುದು ಮುಫ್ತಿಗಳ ಕೆಲಸ. ಈಗಾಗಲೇ ಮನೆಯಲ್ಲಿರುವುದನ್ನು ಎಸೆಯಿರೆಂದೂ ಹೇಳುತ್ತಿಲ್ಲ. ಎಸೆದರೆ ಅದೇ ಇನ್ನೊಂದು ದುಂದು. ಹರಿಯುವವರೆಗೆ ಉಡಿರಿ. ಆದರೆ ಮುಂದಿನದನ್ನು ಕೊಳ್ಳುವಾಗ ಅಂಚಿನಿಂದ ಒಂದೆಳೆಯನ್ನು ಕೇಳಿ ಪಡೆದು ಬೆಂಕಿ ತಾಗಿಸಿ ನೋಡಿರಿ. ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿದರೆ ಅದು ಹತ್ತಿ, ಇಲ್ಲವೇ ಅದರಂತೆಯೇ ಉರಿಯುವ ರೇಯಾನ್. ಇವೆರಡರಲ್ಲಿ ಯಾವುದೆಂದು ಅಂಗಡಿಯವರನ್ನು ಬಾಯಿಬಿಟ್ಟು ಕೇಳಿರಿ. ಕರಗಿ ಮಣಿಯಾದರೆ ಪ್ಲಾಸ್ಟಿಕ್. ಮೂರರ ಬದಲು ಒಂದನ್ನೇ ಕೊಂಡು ಹೊಲಿಗೆ ಬಿಚ್ಚಿದಾಗ ಹೊಲಿದುಕೊಳ್ಳಿರಿ. ಮದ್ರಸ ಸಮಿತಿಗಳು ಮುಂದಿನ ವರ್ಷದ ಸಮವಸ್ತ್ರವನ್ನು ಹತ್ತಿಯಲ್ಲಿ ಹೊಲಿಸಲಿ. ಸಗಟಾಗಿ ಕೊಂಡರೆ ಬೆಲೆಯ ಹೊರೆಯೂ ಇಳಿಯುತ್ತದೆ. ಅದಕ್ಕಿಂತ ಮೊದಲು ಪ್ರತಿಯೊಂದು ಜಮಾಅತ್ ಒಂದು ಥಾನು ಹತ್ತಿಯ ಕಫನ್ ಬಟ್ಟೆಯನ್ನು ಮಸೀದಿಯಲ್ಲಿ ಇಟ್ಟುಕೊಳ್ಳಲಿ. ನಮಗಾದ ನಾಚಿಕೆ ಇನ್ನೊಬ್ಬರಿಗೆ ಆಗದಿರಲಿ.

ಅಲ್ಲಾಹನ ರಸೂಲರಿಗೆ(ಸ) ತೊಡಿಸಿದ ಕಫನ್ ಯೆಮನಿನ ಮೂರು ಬಿಳಿಯ ಹತ್ತಿಯ ವಸ್ತ್ರಗಳಾಗಿತ್ತೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಹತ್ತಿ ಮಣ್ಣಿನಿಂದ ಬಂದು ಮಣ್ಣಿಗೆ ಸೇರುತ್ತದೆ, ಮನುಷ್ಯನೂ ಹಾಗೆಯೇ. ನಮ್ಮ ಮೈ ಮಣ್ಣಾದ ಎಷ್ಟೋ ಕಾಲದ ನಂತರವೂ ನಾವು ಉಟ್ಟ ಪ್ಲಾಸ್ಟಿಕ್ ಈ ಭೂಮಿಯಲ್ಲಿ ಉಳಿದಿರುತ್ತದೆ. ನಾಳೆ ಆ ಭೂಮಿ ತನ್ನ ಸುದ್ದಿಗಳನ್ನು ಹೇಳುವ ದಿನ ಬಂದೇ ಬರುವುದೆಂದು ನಂಬಿದವರು ನಾವು. ಅಂದು ಅದು ನಮ್ಮ ವಿರುದ್ಧ ಸಾಕ್ಷಿ ನುಡಿಯದಂತೆ ಇಂದೇ ಎಚ್ಚರಗೊಳ್ಳುವ ಬುದ್ಧಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.