ಸ್ಪ್ರಿಂಗ್ ಕತ್ತರಿಸಿದ ತಪ್ಪಿಗೆ

ಟೆಕ್ಸಾಸ್‌ನಲ್ಲಿ ನಮ್ಮ ಪಕ್ಕದ ಮನೆಯವರದ್ದು 1972ರ ಶೆವ್ರೊಲೆ ಸಿ10 ಪಿಕಪ್. ಮುಂಭಾಗ ಎರಡೂವರೆ ಇಂಚು ತಗ್ಗಿಸೋಣ ಅಂತ ಇಬ್ಬರೂ ಸೇರಿ ಕಾಯಿಲ್ ಸ್ಪ್ರಿಂಗನ್ನೇ ಕತ್ತರಿಸಿದ್ವಿ. ಅಗ್ಗದ ದಾರಿ ನೋಡಿ! ಗಾಡಿ ಸಖತ್ತಾಗೇ ಕಾಣ್ತಿತ್ತು. ಹೈವೇಲಿ ಒಂದು ಉಬ್ಬು ಸಿಕ್ಕಿದ್ದೇ ತಡ, ಸ್ಟೀರಿಂಗ್ ನೆಟ್ಟಗೆ ಹಿಡಿದಿದ್ರೂ ಪಕ್ಕದ ಲೇನಿಗೆ ಎಳೀತು. ನಮ್ಮಿಬ್ಬರ ನಡುವೆ ಅವರ ಮಗಳು ಕೂತಿದ್ದಳು.

ಸ್ಪ್ರಿಂಗ್ ಗಿಡ್ಡಾದ್ರೆ ಕಂಟ್ರೋಲ್ ಆರ್ಮ್, ಟೈ ರಾಡ್ ಎರಡೂ ಓರೆಯಾಗ್ತವೆ. ಚಕ್ರ ಮೇಲೆ ಕೆಳಗೆ ಆಡುವಾಗ ಎರಡೂ ಸುತ್ತುವ ಕಮಾನು ಹೊಂದದೆ, ಟೈ ರಾಡೇ ಚಕ್ರವನ್ನ ತಿರುಗಿಸಿಬಿಡುತ್ತೆ. ಬಂಪ್ ಸ್ಟೀರ್ ಅನ್ನೋದು ಇದಕ್ಕೇ.

ಕೊನೆಗೆ ಮೂಲ ಅಳತೆಯ ಸ್ಪ್ರಿಂಗ್ ವಾಪಸ್ ಹಾಕಿ, ಡ್ರಾಪ್ ಸ್ಪಿಂಡಲ್ ಕೂರಿಸಿದ್ವಿ. ಇದರಲ್ಲಿ ಚಕ್ರ ಕೂರುವ ಜಾಗ ಮಾತ್ರ ಮೇಲಕ್ಕೆ ಹೋಗುತ್ತೆ. ಆರ್ಮ್‌ಗಳ ಕೋನ ಮೊದಲಿನಂತೇ. ಆಮೇಲೆ ವೀಲ್ ಅಲೈನ್‌ಮೆಂಟ್, ಅದನ್ನ ಬಿಡೋ ಹಾಗಿಲ್ಲ. ಮಗಳು ಈಗ ಮತ್ತೆ ಗಾಡಿ ಹತ್ತುತ್ತಾಳೆ. ಅವಳಮ್ಮ ಇನ್ನೂ ಇಲ್ಲ.