ಸುಳ್ಳು ನಮ್ಮ ಕೈ ದಾಟುವಾಗ

2021ರ ಅಕ್ಟೋಬರ್ 17ರ ಭಾನುವಾರವನ್ನು ನವನಗರದ ಕ್ರೈಸ್ತ ಕುಟುಂಬಗಳು ಸುಲಭವಾಗಿ ಮರೆಯಲಾರವು. ನಮಗೆ ಸಮೀಪದ ಭೈರಿದೇವರಕೊಪ್ಪದಲ್ಲಿ ಬಲವಂತದ ಮತಾಂತರ ನಡೆದಿದೆಯೆಂದು ಆರೋಪಿಸಿ, ಗುಂಪೊಂದು ಪ್ರಾರ್ಥನಾಲಯದೊಳಕ್ಕೆ ನುಗ್ಗಿ ಭಜನೆ ಮಾಡಿತು. ಆ ಪ್ರಾರ್ಥನಾಲಯ ಕಥೋಲಿಕರದಲ್ಲ ನಿಜ. ಆದರೆ ಭಯವು ಪಂಗಡ ಕೇಳಿ ಬರುವುದಿಲ್ಲ.

ಅದೇ ವರ್ಷ ಹೊಸದುರ್ಗ ಕ್ಷೇತ್ರದಲ್ಲಿ ಸಾವಿರಾರು ಜನರು ಮತಾಂತರಗೊಂಡಿದ್ದಾರೆಂಬ ಮಾತು ವಿಧಾನಸಭೆಯಲ್ಲಿಯೇ ಕೇಳಿಬಂದಿತ್ತು. ಅಲ್ಲಿನ ತಹಶೀಲ್ದಾರರು ಕೆಲವು ಗ್ರಾಮಗಳಲ್ಲಿ ಸಮೀಕ್ಷೆ ನಡೆಸಿ, ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ವರದಿ ಕೊಟ್ಟರು; ಆ ಬಳಿಕ ಅವರಿಗೆ ವರ್ಗಾವಣೆಯಾಯಿತು. ಆರೋಪವನ್ನು ಕೇಳಿದವರಲ್ಲಿ ವರದಿಯನ್ನು ಓದಿದವರೆಷ್ಟು ಮಂದಿ?

ಇಷ್ಟು ಹೇಳಿ ಕೈತೊಳೆದುಕೊಳ್ಳಲು ನಮಗೆ ಮನಸ್ಸು ಬಾರದು. ನಮ್ಮ ಮೇಲಿನ ಆರೋಪಕ್ಕೆ ಸಾಕ್ಷ್ಯ ಕೇಳುವ ನಾವು, ನೆರೆಯ ಸಮುದಾಯದ ಮೇಲಿನ ಆರೋಪಕ್ಕೆ ಅದನ್ನೇ ಕೇಳುತ್ತೇವೆಯೇ? ಪೂಜೆ ಮುಗಿಸಿ ಮನೆಗೆ ಮರಳುವ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನೇನು ಬಂದು ಕುಳಿತಿರುತ್ತದೆ ಎಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ.

ಮನಸ್ಸಿನ ಈ ದೌರ್ಬಲ್ಯ ಹೊಸದೇನೂ ಅಲ್ಲ. ಅಮೆರಿಕದ ಟೆಂಪಲ್ ಮತ್ತು ವಿಲನೋವಾ ವಿಶ್ವವಿದ್ಯಾಲಯಗಳ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎರಡೆರಡು ವಾರಗಳ ಅಂತರದಲ್ಲಿ ಮೂರು ಬಾರಿ ವಿದ್ಯಾರ್ಥಿಗಳಿಗೆ 60 ಹೇಳಿಕೆಗಳನ್ನು ಕೇಳಿಸಿದರು. ಪ್ರತಿ ಬಾರಿಯೂ ಮರಳಿ ಬಂದ 20 ಹೇಳಿಕೆಗಳು, ಸತ್ಯವಾಗಲಿ ಸುಳ್ಳಾಗಲಿ, ವಿದ್ಯಾರ್ಥಿಗಳಿಗೆ ಹೆಚ್ಚು ಹೆಚ್ಚು ನಿಜವೆನಿಸತೊಡಗಿದವು. ಪರಿಚಿತವಾದುದನ್ನು ಮನಸ್ಸು ಸತ್ಯವೆಂದು ಬಗೆಯುತ್ತದೆ. ಅದರೊಡನೆ ಭಯವೋ ಪಕ್ಷಾಭಿಮಾನವೋ ಸೇರಿದರೆ ಪದವಿ ಪಡೆದವರೂ ಜಾರುತ್ತಾರೆ. ಓದಿದವರಿಗೆ ತಮ್ಮ ನಂಬಿಕೆಯ ಸಮರ್ಥನೆಗೆ ನಾಲ್ಕು ವಾದಗಳು ಹೆಚ್ಚೇ ಸಿಗುತ್ತವೆ ಎಂಬುದು ನಮ್ಮ ಅನುಭವ.

ಇದರ ಬೆಲೆ ಎಷ್ಟೆಂಬುದನ್ನು 2018ರಲ್ಲಿ ನಮ್ಮ ನಾಡು ಕಂಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವೀಡಿಯೊವೊಂದು ಫೋನಿನಿಂದ ಫೋನಿಗೆ ಹರಿದಾಡಿತು. ವಾಸ್ತವದಲ್ಲಿ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಪ್ರಚಾರಚಿತ್ರ. ಕೊನೆಯ ಎಚ್ಚರಿಕೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಇಂಥ ವದಂತಿಗಳ ನಡುವೆಯೇ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನರು ಹೊಡೆದು ಕೊಂದರು. ಆ ವೀಡಿಯೊವನ್ನು ರವಾನಿಸಿದವರಲ್ಲಿ ಹೆಚ್ಚಿನವರು ದುಷ್ಟರಾಗಿರಲಿಲ್ಲ, ಮಕ್ಕಳಿದ್ದ ತಂದೆತಾಯಿಗಳಾಗಿದ್ದರು.

ಜಗದ್ಗುರು ಪೋಪ್ ಫ್ರಾನ್ಸಿಸರ ಹೆಸರನ್ನೂ ಸುಳ್ಳು ಬಿಡಲಿಲ್ಲ. ಅವರು ಡೊನಾಲ್ಡ್ ಟ್ರಂಪ್ ಅವರನ್ನು ಬೆಂಬಲಿಸಿದ್ದಾರೆಂಬ ಕಟ್ಟುಕಥೆ 2016ರ ಅಮೆರಿಕದ ಚುನಾವಣೆಗೆ ಮುನ್ನ ಫೇಸ್‌ಬುಕ್‌ನಲ್ಲಿ ವ್ಯಾಪಕವಾಗಿ ಹಬ್ಬಿತ್ತು. 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ಅವರು ಸುಳ್ಳು ಸುದ್ದಿಯನ್ನೇ ವಿಷಯವಾಗಿ ಆರಿಸಿಕೊಂಡು, ಆದಿಕಾಂಡದ ಸರ್ಪದ ಕುಯುಕ್ತಿಯನ್ನು ನೆನಪಿಸಿದ್ದರು.

ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮೌನವಾಗಿಯೇ ನಿಜವೆಂದು ಒಪ್ಪಿಕೊಳ್ಳುವುದನ್ನೂ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಎಂಟನೆಯ ಕಟ್ಟಳೆಗೆ ವಿರುದ್ಧವಾದ ದೋಷವೆಂದು ಎಣಿಸುತ್ತದೆ. ನಮ್ಮ ಬಳಗದ ಹಿರಿಯರೊಬ್ಬರು ಬೇರೊಂದು ಸಮುದಾಯದ ವಿರುದ್ಧದ ವೀಡಿಯೊವೊಂದನ್ನು ಹಲವರಿಗೆ ಕಳುಹಿಸಿದ್ದರು. ಅದು ಸುಳ್ಳೆಂದು ತಿಳಿದ ಕೂಡಲೇ ತಮ್ಮ ಫೋನಿನಿಂದ ಅಳಿಸಿಹಾಕಿದರು. ಪಡೆದವರಿಗೆ ಮಾತ್ರ ತಿಳಿಸಲಿಲ್ಲ. ನಾವೂ ಹಾಗೆ ಸುಮ್ಮನಿದ್ದುದುಂಟು.